ಹಿರಿಯರ ಮಾತು ಕಡತಕ್ಕೆ ಬರುವ ಬಗೆ

ವಿಜ್ಞಾನ ವಿಭಾಗದ ನಾವು ಅರಣ್ಯ ಸಂರಕ್ಷಣೆಯ ಪಾಠ ಮಾಡುವಾಗ ಅಭಯಾರಣ್ಯಗಳ ಪಟ್ಟಿಯನ್ನು ಕಪ್ಪುಹಲಗೆಯ ಮೇಲೆ ಬರೆದು ಮುಂದೆ ಹೋಗುತ್ತೇವೆ. ಆ ಕಾಡಿನೊಳಗೆ ಜನರಿದ್ದಾರೆ, ಅವರಿಗೂ ಎಲ್ಲೆ, ನ್ಯಾಯ ಎಂಬುದಿದೆ ಎನ್ನುವುದು ಮಕ್ಕಳಿಗೆ ತಿಳಿಯುವುದೇ ಇಲ್ಲ. ಮದ್ದೂರು, ಮಳವಳ್ಳಿ ಕಡೆಯ ಶಾಲೆಗಳಲ್ಲಿ ಬೋಧನಾಭ್ಯಾಸ ಮಾಡುವವರಿಗೆ ಹತ್ತಿರದ ಉದಾಹರಣೆ ಬಿಳಿಗಿರಿರಂಗನ ಬೆಟ್ಟ. ಮಳವಳ್ಳಿಯಿಂದ ಕಾವೇರಿ ದಾಟಿ, ಕೊಳ್ಳೇಗಾಲ, ಯಳಂದೂರು ಹಾದರೆ ಬೆಟ್ಟದ ಬುಡ ಸಿಗುತ್ತದೆ.

ಅಲ್ಲಿನ ಸೋಲಿಗರು ಪೋಡುಗಳಲ್ಲಿ ವಾಸಿಸುತ್ತಾರೆ. ಒಂದೊಂದು ಕುಲಕ್ಕೂ ಕಾಡಿನಲ್ಲಿ ತನ್ನದೇ ಎಲ್ಲೆ ಇದೆ. ಅದರೊಳಗೆ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ನೀರಿನ ಅಬ್ಬಿ ಎಂಬ ಪವಿತ್ರ ತಾಣಗಳಿವೆ. ತಕರಾರು ಬಂದರೆ ಯಜಮಾನ ಹಿರಿಯರನ್ನು ಕೂಡಿಸಿ ತೀರ್ಮಾನಿಸುವುದು ವಾಡಿಕೆ. ಎಲ್ಲವೂ ಬಾಯಿಮಾತು, ನೆನಪು.

ಈ ನ್ಯಾಯ ನಡೆಯುವುದು ಅದನ್ನು ಒಪ್ಪುವವರ ನಡುವೆ ಮಾತ್ರ. 1974ರಲ್ಲಿ ಬೆಟ್ಟ ವನ್ಯಜೀವಿಧಾಮವಾಯಿತು, 2011ರ ಜನವರಿಯಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಸರ್ಕಾರದ ಗಡಿ ಕುಲದ ಎಲ್ಲೆಯ ಮೇಲೆಯೇ ಬಿತ್ತು. ಇಲಾಖೆಯೊಂದಿಗೆ ತಕರಾರು ಬಂದಾಗ ಯಜಮಾನನ ಮಾತಿಗೆ ಕಡತದಲ್ಲಿ ಜಾಗವಿರಲಿಲ್ಲ.

ಅದಕ್ಕೆ ಜಾಗ ಮಾಡಿಕೊಟ್ಟಿದ್ದು 2006ರ ಅರಣ್ಯ ಹಕ್ಕು ಕಾಯ್ದೆ. ನನಗೆ ಇದರಲ್ಲಿ ತುಂಬ ಮುಖ್ಯವೆನಿಸಿದ್ದು ಪುರಾವೆಯ ನಿಯಮ. ಹಕ್ಕು ಕೇಳುವವರನ್ನು ಬಿಟ್ಟು ಬೇರೆ ಹಿರಿಯರು ಹೇಳಿದ್ದನ್ನು ಬರೆದುಕೊಂಡರೆ ಅದು ಪುರಾವೆ. ಪವಿತ್ರ ಮರ, ಸಮಾಧಿ, ನೀರಿನ ಮೂಲ, ಗೆಡ್ಡೆ ಗೆಣಸು ಕೀಳುವ ಜಾಗ ಸಮುದಾಯ ಹಕ್ಕಿಗೆ ಪುರಾವೆ. ಆದರೆ ಒಂದೇ ಪುರಾವೆ ಸಾಲದು, ಒಂದಕ್ಕಿಂತ ಹೆಚ್ಚು ಬೇಕು. ಹಿರಿಯರ ಹೇಳಿಕೆಯ ಜೊತೆ ಕಲ್ಲುಗುಡಿಯನ್ನೂ ತೋರಿಸಿದರೆ ಅರ್ಜಿಗೆ ಬಲ ಬರುತ್ತದೆ.

ಎರಡು ಪೋಡುಗಳು ಒಂದೇ ಕಾಡನ್ನು ತಮ್ಮದೆಂದರೆ? ನೇರ ಕಚೇರಿಗೆ ಹೋಗುವಂತಿಲ್ಲ. ಎರಡೂ ಕಡೆಯ ಅರಣ್ಯ ಹಕ್ಕು ಸಮಿತಿಗಳು ಮೊದಲು ಒಟ್ಟಿಗೆ ಕೂತು, ಯಾರು ಹೇಗೆ ಬಳಸುತ್ತಾ ಬಂದರೆಂದು ನೋಡಿ, ತಮ್ಮ ತಮ್ಮ ಗ್ರಾಮಸಭೆಗೆ ಬರೆದುಕೊಡಬೇಕು. ಕುಲದ ಹಿರಿಯರು ಕೂರುತ್ತಿದ್ದ ಹಾಗೆಯೇ ಇದು. ಅಲ್ಲಿಯೂ ಬಗೆಹರಿಯದಿದ್ದರೆ ಗ್ರಾಮಸಭೆ ಅದನ್ನು ಉಪವಿಭಾಗ ಮಟ್ಟದ ಸಮಿತಿಗೆ ಕಳಿಸುತ್ತದೆ. ಗ್ರಾಮಸಭೆಯ ನಿರ್ಣಯದಿಂದ ಅನ್ಯಾಯವಾಯಿತೆನ್ನುವವರು 60 ದಿನದೊಳಗೆ ಇದೇ ಸಮಿತಿಗೆ ಅರ್ಜಿ ಕೊಡಬಹುದು. ವಿಚಾರಣೆಯ ದಿನವನ್ನು ಕನಿಷ್ಠ 15 ದಿನ ಮೊದಲೇ ಲಿಖಿತವಾಗಿ ತಿಳಿಸಿ, ಊರಿನಲ್ಲಿ ನೋಟಿಸು ಹಚ್ಚಬೇಕು. ಅವರ ಮಾತು ಕೇಳದೆ ಅರ್ಜಿ ತಳ್ಳಿಹಾಕುವಂತಿಲ್ಲ. ಮೇಲ್ಮನವಿ ಜಿಲ್ಲಾ ಸಮಿತಿಗೆ, ಅದರ ತೀರ್ಮಾನವೇ ಕೊನೆ.

ಸಂಪ್ರದಾಯದಲ್ಲಿ ಎಲ್ಲವೂ ಸರಿಯಿತ್ತೆಂದು ಹೇಳಲಾರೆ. ಹಿರಿಯರೆಂದರೆ ಬಹುತೇಕ ಗಂಡಸರೇ. ಕಾಯ್ದೆಯ ಸಮಿತಿಯಲ್ಲಿ ಮೂರನೇ ಒಂದು ಭಾಗ ಮಹಿಳೆಯರಿರಬೇಕು. ಕಾಡಿನ ಗೆಡ್ಡೆ, ಸೊಪ್ಪು ಬಲ್ಲ ಹೆಂಗಸರ ಹೇಳಿಕೆ ಇಲ್ಲದ ದಾಖಲೆ ಅರ್ಧ ದಾಖಲೆಯೇ.

2011ರಲ್ಲಿಯೇ ಬೆಟ್ಟದ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು, ಅದೂ ಹುಲಿ ಸಂರಕ್ಷಿತ ಪ್ರದೇಶದೊಳಗೆ.

ಪಾಠಕ್ಕೆ ಒಂದು ಚಟುವಟಿಕೆ: ತಮ್ಮ ಊರಿನ ಗೋಮಾಳ ಅಥವಾ ಕೆರೆಯ ಎಲ್ಲೆಯನ್ನು ಇಬ್ಬರು ಹಿರಿಯರಿಂದ, ಒಬ್ಬರು ಅಜ್ಜಿಯೇ ಇರಲಿ, ಕೇಳಿ ಬರೆದು ತರಲು ಮಕ್ಕಳಿಗೆ ಹೇಳಿ. ಎರಡು ಹೇಳಿಕೆ ಹೊಂದದಿದ್ದರೆ ತರಗತಿಯನ್ನೇ ಎರಡು ಸಮಿತಿಗಳನ್ನಾಗಿ ಮಾಡಿ ಒಟ್ಟಿಗೆ ಕೂರಿಸಬಹುದು. ಇದಕ್ಕೆ ಎರಡು ಅವಧಿ ಬೇಕಾಗುತ್ತದೆ.