ಮುತ್ತಜ್ಜನ ಹೆಸರು ಹೆಳವನಿಗೆ ಗೊತ್ತು

ಅಣ್ಣಿಗೇರಿಯ ಮನೆತನವೊಂದು ಐದು ತಲೆಮಾರು ಹಿಂದಕ್ಕೆ ಹೋಗಬೇಕೆಂದರೆ ಮೊದಲ ತೊಡಕು ಲಿಪಿಯದು. 1956ರವರೆಗೆ ಈ ಸೀಮೆ ಮುಂಬಯಿ ಆಡಳಿತದಲ್ಲಿತ್ತು. ಹಳೆಯ ಕಾಗದಪತ್ರಗಳಲ್ಲಿ ಎಷ್ಟೋ ಮರಾಠಿಯ ಮೋಡಿ ಲಿಪಿಯಲ್ಲಿವೆ. ಅದನ್ನು ಓದಬಲ್ಲವರು ಈಗ ವಿರಳ. ಅಡ್ಡಹೆಸರೂ ದಾರಿ ತಪ್ಪಿಸುತ್ತದೆ. ಊರು ಬಿಟ್ಟವರು ಹೋದಲ್ಲಿ ‘ಅಣ್ಣಿಗೇರಿ’ ಎನಿಸಿಕೊಂಡರೆ, ಇಲ್ಲೇ ಉಳಿದ ಅಣ್ಣತಮ್ಮಂದಿರು ಬೇರೆ ಹೆಸರಿನವರು.

ಹೀಗೆಯೇ ಹಿರಿಯರನ್ನು ಹುಡುಕುವ ಐರ್ಲೆಂಡಿನವರ ಕಷ್ಟ ಇನ್ನೂ ದೊಡ್ಡದು. 1922ರ ಜೂನ್ 30ರಂದು, ಅಂತರ್ಯುದ್ಧದ ಬೆಂಕಿಯಲ್ಲಿ ಡಬ್ಲಿನ್ನಿನ ದಾಖಲೆ ಭಂಡಾರವೇ ಸುಟ್ಟುಹೋಯಿತು. ಅಲ್ಲಿನವರು ಸೋಲಲಿಲ್ಲ, ಅಳಿದುಳಿದ 1901, 1911ರ ಜನಗಣತಿ ಹಾಳೆಗಳನ್ನೂ 19ನೇ ಶತಮಾನದ ಭೂಮಿ ಮೌಲ್ಯಮಾಪನದ ಪುಸ್ತಕಗಳನ್ನೂ ಹಿಡಿದು ಹಿರಿಯರನ್ನು ಹುಡುಕಿದರು.

ಇಲ್ಲಿಯೂ ಹೊಲವೇ ಒಳ್ಳೆಯ ಸುಳಿವು. ಹೊಲದ ದಾಖಲೆಯಾದ ಉತಾರದಲ್ಲಿ, ವಾರಸಾ ನೋಂದಣಿಯಲ್ಲಿ ಅಪ್ಪ, ಅಜ್ಜನ ಹೆಸರು ಸಿಗುತ್ತವೆ. ಅಣ್ಣಿಗೇರಿ ತಾಲ್ಲೂಕಾದದ್ದು ಇತ್ತೀಚೆಗೆ. ಹಳೆಯ ದಾಖಲೆಗಳಿಗೆ ಮೊದಲಿನ ತಾಲ್ಲೂಕಾದ ನವಲಗುಂದದ ಕಡೆಗೂ ನೋಡಬೇಕು.

ಆದರೆ ಐರ್ಲೆಂಡಿಗಿಲ್ಲದ ಭಾಗ್ಯವೊಂದು ಇಲ್ಲಿದೆ: ಹೆಳವರು. ಎತ್ತಿನ ಮೇಲೆ ಬಂದು, ಮನೆಯ ಮುಂದೆ ನಿಂತು ವಂಶಾವಳಿ ಹೇಳುವವರು. ಮೂಲ ಊರು, ಕವಲೊಡೆದ ಮನೆಗಳು, ಹುಟ್ಟಿದ ಮಕ್ಕಳು ಎಲ್ಲವೂ ಅವರ ನಾಲಿಗೆಯಲ್ಲಿ, ಬರೆದಿಟ್ಟ ಪುಸ್ತಕದಲ್ಲಿ. ಕಾಳು ಪಡೆದು, ಹೊಸ ಕೂಸಿನ ಹೆಸರು ಸೇರಿಸಿಕೊಂಡು ಮುಂದಿನ ಮನೆಗೆ ನಡೆಯುತ್ತಾರೆ. ಹೆಣ್ಣುಮಕ್ಕಳ ಹೆಸರು ಮಾತ್ರ ಹಲವು ವಂಶಾವಳಿಗಳಲ್ಲಿ ಸಿಗುವುದಿಲ್ಲ. ಅದಕ್ಕೆ ಮನೆಯ ಅಜ್ಜಿಯನ್ನೇ ಕೇಳಬೇಕು, ಇಂದೇ ಕೇಳಬೇಕು.