ಥಂಡರ್‌ಬರ್ಡ್ ಸೈನ್-ಇನ್ ದೋಷಗಳು

ಥಂಡರ್‌ಬರ್ಡ್ ಸೈನ್-ಇನ್ ದೋಷಗಳು ಎಂದರೆ ಮೊಜಿಲ್ಲಾ ಥಂಡರ್‌ಬರ್ಡ್ ಎಂಬ ಇಮೇಲ್ ತಂತ್ರಾಂಶವು ಬಳಕೆದಾರರ ಅಂಚೆ ಖಾತೆಯನ್ನು ಪ್ರವೇಶಿಸಲು ವಿಫಲವಾದಾಗ ಕಾಣಿಸಿಕೊಳ್ಳುವ ತೊಂದರೆಗಳು. ಥಂಡರ್‌ಬರ್ಡ್ ವಿಂಡೋಸ್, ಮ್ಯಾಕ್ ಮತ್ತು ಲಿನಕ್ಸ್ ಗಣಕಗಳಲ್ಲಿ ಬಳಸಬಹುದಾದ ಮುಕ್ತ ತಂತ್ರಾಂಶವಾಗಿದ್ದು, ಅದರ 1.0 ಆವೃತ್ತಿಯು 2004ರ ಡಿಸೆಂಬರ್‌ನಲ್ಲಿ ಬಿಡುಗಡೆಯಾಯಿತು. ಇಂತಹ ದೋಷ ಉಂಟಾದಾಗ ಪರದೆಯ ಮೇಲೆ ಲಾಗಿನ್ ವಿಫಲವಾಗಿದೆಯೆಂಬ ಸೂಚನೆಯೂ ಹೊಸ ಪಾಸ್‌ವರ್ಡ್ ನಮೂದಿಸುವ ಆಯ್ಕೆಯೂ ಕಾಣಿಸುತ್ತವೆ. ಇದರಿಂದ ಪಾಸ್‌ವರ್ಡ್ ತಪ್ಪಾಗಿದೆ ಎಂದೇ ಹೆಚ್ಚಿನವರು ಭಾವಿಸುತ್ತಾರೆ. ಆದರೆ ಪಾಸ್‌ವರ್ಡ್ ಸರಿಯಿದ್ದಾಗಲೂ ಇದೇ ಸೂಚನೆ ಬರಬಹುದು.

ಸೂಚನೆಯ ಅಸ್ಪಷ್ಟತೆ

ಸರ್ವರ್ ನಿರಾಕರಣೆಯ ನಿಜವಾದ ಕಾರಣವನ್ನು ಹೇಳದಿರುವುದು ಉದ್ದೇಶಪೂರ್ವಕವಾದುದು. ಐಮ್ಯಾಪ್ ಸರ್ವರುಗಳ ಉತ್ತರ ಸಂಕೇತಗಳನ್ನು ನಿರೂಪಿಸುವ 2009ರ ಆರ್‌ಎಫ್‌ಸಿ 5530 ದಾಖಲೆಯಲ್ಲಿ ದೃಢೀಕರಣ ವೈಫಲ್ಯಕ್ಕೆ ಒಂದು ಸಂಕೇತವಿದೆ. ಸರ್ವರ್ ವಿವರಿಸಲು ಇಚ್ಛಿಸದ ಕಾರಣಗಳಿಗೆ ಇದನ್ನು ಬಳಸಲಾಗುತ್ತದೆ. ಅಂತಹ ಹೆಸರಿನ ಬಳಕೆದಾರರೇ ಇಲ್ಲದಿರುವುದು ಮತ್ತು ಪಾಸ್‌ವರ್ಡ್ ತಪ್ಪಿರುವುದು ಎರಡೂ ಇದರಲ್ಲಿ ಸೇರುತ್ತವೆ. ಇವೆರಡನ್ನು ಬೇರ್ಪಡಿಸಿ ಹೇಳಿದರೆ ಯಾವ ಖಾತೆಗಳು ಅಸ್ತಿತ್ವದಲ್ಲಿವೆ ಎಂಬುದು ದಾಳಿಕೋರರಿಗೆ ತಿಳಿದುಹೋಗುತ್ತದೆ. ಕಳ್ಳನಿಗೆ ಸುಳಿವು ಸಿಗಬಾರದೆಂದು ಮಾಡಿದ ಈ ಏರ್ಪಾಡು ಖಾತೆಯ ಒಡೆಯರನ್ನೂ ಕತ್ತಲಲ್ಲಿಡುತ್ತದೆ.

ಆದ್ದರಿಂದ ಮೊದಲು ಮಾಡಬೇಕಾದ ಪರೀಕ್ಷೆ ಸರಳವಾದುದು. ಅದೇ ವಿಳಾಸ ಮತ್ತು ಪಾಸ್‌ವರ್ಡ್ ಬಳಸಿ ಬ್ರೌಸರ್ ಮೂಲಕ ಅಂಚೆ ಸೇವೆಯ ಜಾಲತಾಣವನ್ನು ಪ್ರವೇಶಿಸಿ ನೋಡಬೇಕು. ಅಲ್ಲಿ ಪ್ರವೇಶ ದೊರೆತರೆ ಪಾಸ್‌ವರ್ಡ್ ಸರಿಯಿದೆ, ದೋಷವು ತಂತ್ರಾಂಶದ ಹೊಂದಿಕೆಯಲ್ಲಿದೆ ಎಂದು ತಿಳಿಯಬಹುದು.

ದೃಢೀಕರಣ ವಿಧಾನದ ಬದಲಾವಣೆ

ವರ್ಷಗಳಿಂದ ಸರಿಯಾಗಿ ಕೆಲಸ ಮಾಡುತ್ತಿದ್ದ ಖಾತೆಯು ಒಂದು ದಿನ ಇದ್ದಕ್ಕಿದ್ದಂತೆ ತೆರೆಯದಿರುವುದಕ್ಕೆ ಮುಖ್ಯ ಕಾರಣ ಇದೇ. ಹಿಂದೆ ಥಂಡರ್‌ಬರ್ಡ್ ಬಳಕೆದಾರರ ಪಾಸ್‌ವರ್ಡನ್ನು ಉಳಿಸಿಕೊಂಡು ಪ್ರತಿ ಬಾರಿಯೂ ಸರ್ವರಿಗೆ ಕಳುಹಿಸುತ್ತಿತ್ತು. ಗೂಗಲ್ ಸಂಸ್ಥೆಯು 2022ರ ಮೇ 30ರಿಂದ ವೈಯಕ್ತಿಕ ಜಿಮೇಲ್ ಖಾತೆಗಳಿಗೆ ಈ ಬಗೆಯ ಪ್ರವೇಶವನ್ನು ನಿಲ್ಲಿಸಿತು. ಮೈಕ್ರೋಸಾಫ್ಟ್ ಸಂಸ್ಥೆಯು ಕಚೇರಿಗಳು ಬಳಸುವ ಎಕ್ಸ್‌ಚೇಂಜ್ ಆನ್‌ಲೈನ್ ಸೇವೆಯಲ್ಲಿ 2022ರ ಅಕ್ಟೋಬರ್‌ನಿಂದಲೂ, ಔಟ್‌ಲುಕ್ ಮತ್ತು ಹಾಟ್‌ಮೇಲ್‌ನ ವೈಯಕ್ತಿಕ ಖಾತೆಗಳಲ್ಲಿ 2024ರ ಸೆಪ್ಟೆಂಬರ್‌ನಿಂದಲೂ ಇದನ್ನು ಹಿಂತೆಗೆದುಕೊಳ್ಳತೊಡಗಿತು.

ಇದರ ಬದಲಿಗೆ ಬಂದಿರುವುದು ಓಆತ್ 2.0 ಎಂಬ ವಿಧಾನ. ಇದರಲ್ಲಿ ಅಂಚೆ ಸೇವೆಯದೇ ಪ್ರವೇಶ ಪುಟವು ತಂತ್ರಾಂಶದೊಳಗೆ ತೆರೆದುಕೊಳ್ಳುತ್ತದೆ. ಬಳಕೆದಾರರು ಅಲ್ಲಿ ಒಪ್ಪಿಗೆ ನೀಡಿದ ಬಳಿಕ ಥಂಡರ್‌ಬರ್ಡಿಗೆ ಟೋಕನ್ ಎಂಬ ಅನುಮತಿ ಚೀಟಿ ಸಿಗುತ್ತದೆ. ಮನೆಯ ಬೀಗದ ಕೈಯನ್ನೇ ಒಪ್ಪಿಸುವ ಬದಲು ಒಂದು ಕೋಣೆಗೆ ಮಾತ್ರ ಸಲ್ಲುವ, ಬೇಕೆಂದಾಗ ರದ್ದುಮಾಡಬಹುದಾದ ಚೀಟಿಯನ್ನು ಕೊಟ್ಟಂತೆ. ಥಂಡರ್‌ಬರ್ಡ್ 2015ರಲ್ಲಿ ಬಂದ 38ನೆಯ ಆವೃತ್ತಿಯಿಂದ ಜಿಮೇಲ್‌ಗಾಗಿ ಇದನ್ನು ಬೆಂಬಲಿಸುತ್ತಿದೆ. ಆದರೆ ಹಳೆಯ ಖಾತೆಗಳ ಹೊಂದಿಕೆಯು ತಾನಾಗಿಯೇ ಬದಲಾಗಿರದಿದ್ದರೆ, ಅಕೌಂಟ್ ಸೆಟ್ಟಿಂಗ್ಸ್‌ನ ಸರ್ವರ್ ಸೆಟ್ಟಿಂಗ್ಸ್ ವಿಭಾಗದಲ್ಲಿ ದೃಢೀಕರಣ ವಿಧಾನವನ್ನು ನಾರ್ಮಲ್ ಪಾಸ್‌ವರ್ಡ್‌ನಿಂದ ಓಆತ್2ಕ್ಕೆ ಬದಲಾಯಿಸಬೇಕಾಗುತ್ತದೆ. ಹೊರಹೋಗುವ ಅಂಚೆಯ ಎಸ್‌ಎಂಟಿಪಿ ಸರ್ವರಿಗೆ ಪ್ರತ್ಯೇಕ ಹೊಂದಿಕೆ ಇರುವುದರಿಂದ ಅಲ್ಲಿಯೂ ಇದೇ ಬದಲಾವಣೆ ಅಗತ್ಯ. ಪತ್ರಗಳು ಬರುತ್ತವೆ, ಕಳುಹಿಸಲು ಮಾತ್ರ ಆಗುವುದಿಲ್ಲ ಎಂಬ ದೂರಿಗೆ ಹಲವು ವೇಳೆ ಈ ಎರಡನೆಯ ಹೆಜ್ಜೆಯನ್ನು ಮರೆತಿರುವುದೇ ಕಾರಣವಾಗಿರುತ್ತದೆ.

ಪ್ರವೇಶ ಪುಟವು ತೆರೆದು ಖಾಲಿಯಾಗಿಯೇ ಉಳಿದರೆ ಅಥವಾ ಮತ್ತೆ ಮತ್ತೆ ಮೊದಲಿಗೇ ಮರಳಿದರೆ ಥಂಡರ್‌ಬರ್ಡಿನಲ್ಲಿ ಕುಕಿಗಳಿಗೆ ಅನುಮತಿ ಇದೆಯೇ ಎಂದು ನೋಡಬೇಕು. ಜಿಮೇಲ್ ಪಾಸ್‌ವರ್ಡ್ ಬದಲಿಸಿದಾಗ ಹಳೆಯ ಟೋಕನ್ ರದ್ದಾಗುತ್ತದೆ. ಆಗ ಸೇವ್ಡ್ ಪಾಸ್‌ವರ್ಡ್ಸ್ ಪಟ್ಟಿಯಲ್ಲಿರುವ ಆ ಖಾತೆಯ ಹಳೆಯ ನಮೂದನ್ನು ಅಳಿಸಿ, ತಂತ್ರಾಂಶವನ್ನು ಮುಚ್ಚಿ ತೆರೆದು, ಹೊಸದಾಗಿ ಒಪ್ಪಿಗೆ ನೀಡಬೇಕು. ಓಆತ್ ಬಳಸಲಾಗದ ಹಳೆಯ ತಂತ್ರಾಂಶಗಳಿಗಾಗಿ ಗೂಗಲ್ 16 ಅಕ್ಷರಗಳ ಆ್ಯಪ್ ಪಾಸ್‌ವರ್ಡನ್ನು ಒದಗಿಸುತ್ತದೆ. ಖಾತೆಯಲ್ಲಿ ಎರಡು ಹಂತದ ಪರಿಶೀಲನೆ ಜಾರಿಯಲ್ಲಿದ್ದರೆ ಮಾತ್ರ ಇದು ದೊರೆಯುತ್ತದೆ.

ಇತರ ಕಾರಣಗಳು

ಪಾಸ್‌ವರ್ಡ್ ಟೈಪಿಸುವಾಗ ಪರದೆಯ ಮೇಲೆ ಚುಕ್ಕಿಗಳಷ್ಟೇ ಕಾಣುತ್ತವೆ. ಕೀಲಿಮಣೆಯು ಕನ್ನಡ ವಿನ್ಯಾಸದಲ್ಲಿಯೇ ಉಳಿದಿದ್ದರೆ ಬೇರೆ ಲಿಪಿಯ ಅಕ್ಷರಗಳು ಸೇರಿಹೋದದ್ದು ಗಮನಕ್ಕೆ ಬರುವುದಿಲ್ಲ. ಕನ್ನಡದಲ್ಲಿ ಪತ್ರ ಬರೆಯುವವರಿಗೆ ಇದು ಪದೇ ಪದೇ ಎದುರಾಗಬಹುದಾದ ತೊಡಕು. ಬೇರೆ ಕಡತದಲ್ಲಿ ಒಂದೆರಡು ಅಕ್ಷರ ಟೈಪಿಸಿ ವಿನ್ಯಾಸವನ್ನು ಖಚಿತಪಡಿಸಿಕೊಳ್ಳುವುದು ಒಳ್ಳೆಯದು.

ಗಣಕದ ದಿನಾಂಕ ಬಹಳ ಹಿಂದೆ ಸರಿದಿದ್ದರೆ ಸರ್ವರಿನ ಭದ್ರತಾ ಪ್ರಮಾಣಪತ್ರದ ಅವಧಿ ಇನ್ನೂ ಆರಂಭವಾಗಿಲ್ಲವೆಂದು ತಂತ್ರಾಂಶವು ಭಾವಿಸುತ್ತದೆ. ಆಗ ಪಾಸ್‌ವರ್ಡ್ ಕಳುಹಿಸುವ ಮೊದಲೇ ಸಂಪರ್ಕ ಮುರಿಯುತ್ತದೆ. ಮದರ್‌ಬೋರ್ಡಿನ ಪುಟ್ಟ ಬ್ಯಾಟರಿ ಸತ್ತಿರುವ ಹಳೆಯ ಗಣಕಗಳಲ್ಲಿ ಹೀಗಾಗುತ್ತದೆ.

ಖಾತೆಯನ್ನು ಅಳಿಸುವ ಮುನ್ನ

ಖಾತೆಯನ್ನು ತೆಗೆದುಹಾಕಿ ಮತ್ತೆ ಸೇರಿಸುವುದು ಎಲ್ಲರೂ ಸೂಚಿಸುವ ಪರಿಹಾರವಾದರೂ ಅದು ಎಲ್ಲ ಸಂದರ್ಭಗಳಲ್ಲಿ ನಿರಪಾಯಕಾರಿಯಲ್ಲ. ಐಮ್ಯಾಪ್ ಖಾತೆಯಲ್ಲಿ ಪತ್ರಗಳು ಸರ್ವರಿನಲ್ಲಿಯೇ ಇರುವುದರಿಂದ ಅವು ಪುನಃ ಇಳಿಯುತ್ತವೆ. ಪಾಪ್ ಖಾತೆಯಲ್ಲಿ ಹಾಗಲ್ಲ. ಇಳಿಸಿಕೊಂಡ ಪತ್ರಗಳನ್ನು ಸರ್ವರಿನಿಂದ ಕೂಡಲೇ ಅಥವಾ ನಿಗದಿತ ದಿನಗಳ ಬಳಿಕ ಅಳಿಸುವಂತೆ ಹೊಂದಿಸಿದ್ದರೆ, ಅವುಗಳ ಏಕೈಕ ಪ್ರತಿ ಆ ಗಣಕದಲ್ಲಿ ಮಾತ್ರ ಇರುತ್ತದೆ. ಖಾತೆ ತೆಗೆಯುವಾಗ ಪತ್ರಗಳ ದತ್ತಾಂಶವನ್ನೂ ಅಳಿಸುವ ಆಯ್ಕೆಗೆ ಗುರುತು ಹಾಕಿದರೆ ವರ್ಷಗಳ ಪತ್ರವ್ಯವಹಾರವು ಒಮ್ಮೆಗೇ ಹೋಗುತ್ತದೆ. ಹೆಲ್ಪ್ ಪಟ್ಟಿಯ ಟ್ರಬಲ್‌ಶೂಟಿಂಗ್ ಇನ್ಫರ್ಮೇಷನ್ ಪುಟದಿಂದ ಪ್ರೊಫೈಲ್ ಫೋಲ್ಡರ್ ಎಲ್ಲಿದೆಯೆಂದು ತಿಳಿಯಬಹುದು. ಥಂಡರ್‌ಬರ್ಡನ್ನು ಪೂರ್ತಿಯಾಗಿ ಮುಚ್ಚಿದ ನಂತರ ಆ ಫೋಲ್ಡರನ್ನು ಹೊರಗಿನ ಡಿಸ್ಕಿಗೆ ನಕಲಿಸಿಕೊಂಡು, ಬಳಿಕವಷ್ಟೇ ಖಾತೆಯನ್ನು ಮುಟ್ಟಬೇಕು. ಇದೇ ಫೋಲ್ಡರಿನಲ್ಲಿ ಉಳಿಸಿದ ಪಾಸ್‌ವರ್ಡುಗಳೂ ಇರುವುದರಿಂದ ಆ ನಕಲನ್ನು ಇತರರ ಕೈಗೆ ಸಿಗದಂತೆ ಇಡತಕ್ಕದ್ದು.