ಹಚ್ಚೆ: ಚಿತ್ರಕ್ಕಿಂತ ಮೊದಲು ಸೂಜಿ ನೋಡಿ

ಬನಶಂಕರಿ ಎರಡನೇ ಹಂತದ ತಾಯಿಯೊಬ್ಬರು ಮಗಳನ್ನು ಕರೆದುಕೊಂಡು ಬಂದಿದ್ದರು. ಮಗಳಿಗೆ ಹತ್ತೊಂಬತ್ತು ವರ್ಷ. ತೀರಿಹೋದ ಅಜ್ಜಿ ಹಳೆಯ ಪುಸ್ತಕವೊಂದರ ಮೇಲೆ ‘ಪುಟ್ಟಿಗೆ’ ಎಂದು ಬರೆದುಕೊಟ್ಟಿದ್ದರಂತೆ. ಅದೇ ಕೈಬರಹವನ್ನು ಮುಂಗೈ ಮೇಲೆ ಹಚ್ಚೆ ಹಾಕಿಸಿಕೊಳ್ಳಬೇಕೆಂಬುದು ಮೊಮ್ಮಗಳ ಆಸೆ.

“ಬೇಡ ಅಂತ ನೀವಾದರೂ ಹೇಳಿ ಡಾಕ್ಟ್ರೇ. ಏಡ್ಸ್ ಗೀಡ್ಸ್ ಬಂದರೆ ಏನು ಗತಿ?” ಎಂದರು ತಾಯಿ.

“ಅಜ್ಜಿ ಕೈ ಮೇಲೂ ಹಚ್ಚೆ ಇತ್ತಲ್ಲಮ್ಮ” ಎಂದಳು ಮಗಳು.

ಇಬ್ಬರ ಮಾತಿನಲ್ಲೂ ನಿಜವಿದೆ. ಹಚ್ಚೆ ನಮಗೆ ಹೊಸದಲ್ಲ. ಊರೂರು ಸುತ್ತುತ್ತಿದ್ದ ಕೊರವಂಜಿಯರು ದೀಪದ ಮಸಿಯಲ್ಲಿ ಸೂಜಿ ಅದ್ದಿ ಅಜ್ಜಿಯಂದಿರ ಕೈಗೆ ಹಚ್ಚೆ ಹೊಯ್ಯುತ್ತಿದ್ದರು. ಇಂದು ಆ ಕೆಲಸವನ್ನು ಜಯನಗರ, ಜೆ.ಪಿ. ನಗರದ ಅಂಗಡಿಗಳಲ್ಲಿ ವಿದ್ಯುತ್ ಯಂತ್ರ ಮಾಡುತ್ತದೆ. ಆದರೆ ಚರ್ಮ ಅದೇ, ರಕ್ತವೂ ಅದೇ.

ಚರ್ಮದೊಳಗೆ ಆಗುವುದೇನು?

ನಮ್ಮ ಹೊರಚರ್ಮ ಸುಮಾರು ತಿಂಗಳಿಗೊಮ್ಮೆ ಹೊಸದಾಗುತ್ತದೆ. ಬಣ್ಣ ಅಲ್ಲೇ ನಿಂತಿದ್ದರೆ ಅದರೊಂದಿಗೆ ಉದುರಿ ಹೋಗುತ್ತಿತ್ತು. ಹಚ್ಚೆಯ ಸೂಜಿ ಅದನ್ನು ದಾಟಿ ಒಂದೆರಡು ಮಿಲಿಮೀಟರ್ ಆಳದ ಒಳಚರ್ಮಕ್ಕೆ ಬಣ್ಣ ಇಳಿಸುತ್ತದೆ. ಅಲ್ಲಿನ ರಕ್ಷಕ ಕಣಗಳು ಅದನ್ನು ನುಂಗಿ ಹಿಡಿದಿಟ್ಟುಕೊಳ್ಳುವುದರಿಂದ ಹಚ್ಚೆ ಅಳಿಸುವುದಿಲ್ಲ. ಒಳಚರ್ಮದಲ್ಲಿ ರಕ್ತನಾಳಗಳಿವೆ. ಒಬ್ಬರಿಗೆ ಬಳಸಿದ ಸೂಜಿಯನ್ನು ಇನ್ನೊಬ್ಬರಿಗೆ ಬಳಸಿದರೆ ರಕ್ತದ ಮೂಲಕ ಹರಡುವ ರೋಗ ದಾಟಲು ದಾರಿ ಸಿಕ್ಕಂತೆ.

ತಾಯಂದಿರು ಹೆದರುವುದು ಏಡ್ಸ್‌ಗೆ. ಆದರೆ ಹೆಚ್ಚು ಹೆದರಬೇಕಾದದ್ದು ಯಕೃತ್ತಿನ ಉರಿಯೂತ ತರುವ ಹೆಪಟೈಟಿಸ್-ಬಿ ವೈರಸ್‌ಗೆ. ಆಸ್ಪತ್ರೆ ಸಿಬ್ಬಂದಿಗೆ ಸೋಂಕಿನ ಸೂಜಿ ಆಕಸ್ಮಿಕವಾಗಿ ಚುಚ್ಚಿದಾಗ ಎಚ್‌ಐವಿ ತಗಲುವ ಸಾಧ್ಯತೆ ಸಾವಿರಕ್ಕೆ ಸುಮಾರು 3. ಲಸಿಕೆ ಪಡೆಯದವರಿಗೆ ಹೆಪಟೈಟಿಸ್-ಬಿ ತಗಲುವ ಸಾಧ್ಯತೆ ನೂರಕ್ಕೆ 30ರವರೆಗೂ ಇದೆ. ಈ ವೈರಸ್ ಒಣಗಿದ ರಕ್ತದ ಕಲೆಯಲ್ಲೂ ಏಳು ದಿನ ಬದುಕಿರಬಲ್ಲದು. ಸಮಾಧಾನದ ಸಂಗತಿಯೆಂದರೆ, ಇದಕ್ಕೆ ಲಸಿಕೆ ಇದೆ. ಹೆಪಟೈಟಿಸ್-ಸಿ ರೋಗಕ್ಕೆ ಲಸಿಕೆ ಇಲ್ಲ.

ಹಾಕುವವರನ್ನು ಆರಿಸುವುದು ಹೇಗೆ?

ಮೊದಲ ದಿನ ಸುಮ್ಮನೆ ನೋಡಿ ಬನ್ನಿ. ಬೇರೊಬ್ಬರಿಗೆ ಹಾಕುತ್ತಿರುವಾಗ ಗಮನಿಸಿ. ಈ ವಿಷಯಗಳನ್ನು ಸಂಕೋಚವಿಲ್ಲದೆ ಕೇಳಿ:

* ಸೂಜಿಯ ಪೊಟ್ಟಣವನ್ನು ನಿಮ್ಮ ಕಣ್ಣೆದುರೇ ಒಡೆಯಬೇಕು. ಅದರ ಮೇಲಿನ ಅವಧಿ ಮುಗಿದಿರಬಾರದು. ಕೆಲಸವಾದ ಮೇಲೆ ಸೂಜಿ ಚುಚ್ಚಿ ಹೊರಬರಲಾಗದ ಗಟ್ಟಿ ಡಬ್ಬಕ್ಕೆ ಹೋಗಬೇಕು.

* ಕೈ ತೊಳೆದು ಹೊಸ ಕೈಗವಸು ಹಾಕಬೇಕು. ನಡುವೆ ಫೋನ್ ಮುಟ್ಟಿದರೆ ಗವಸು ಬದಲಾಯಿಸಬೇಕು.

* ಬಣ್ಣವನ್ನು ಪುಟ್ಟ ಬಟ್ಟಲಿಗೆ ಸುರಿದುಕೊಂಡು, ಉಳಿದದ್ದನ್ನು ಚೆಲ್ಲಬೇಕು. ಸೀಸೆಗೆ ಮರಳಿ ಸುರಿಯುವುದು ತಪ್ಪು. ಬಣ್ಣ ತೆಳುವಾಗಿಸಲು ನಲ್ಲಿ ನೀರು ಬೆರೆಸುವುದೂ ತಪ್ಪು. ಆ ನೀರಿನ ರೋಗಾಣುಗಳಿಂದ ವಾರಗಟ್ಟಲೆ ಮಾಯದ ಗುಳ್ಳೆಗಳೇಳಬಹುದು.

* ಮತ್ತೆ ಬಳಸುವ ಉಪಕರಣವಿದ್ದರೆ ಆಟೊಕ್ಲೇವ್ ಇರಬೇಕು. ಇದು ಕುಕ್ಕರ್‌ನಂತೆಯೇ ಒತ್ತಡದ ಹಬೆಯಲ್ಲಿ, 121 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಕನಿಷ್ಠ 15 ನಿಮಿಷ ಕೆಲಸ ಮಾಡುತ್ತದೆ. ಬಿಸಿನೀರಲ್ಲಿ ಅದ್ದುವುದಾಗಲಿ, ಸ್ಪಿರಿಟ್‌ನಲ್ಲಿ ಒರೆಸುವುದಾಗಲಿ ಇದಕ್ಕೆ ಸಮವಲ್ಲ.

* ಬಣ್ಣದ ಸೀಸೆಯ ಮೇಲೆ ತಯಾರಕರ ಹೆಸರು, ಒಳಗಿರುವ ವಸ್ತುಗಳ ಪಟ್ಟಿ, ಅವಧಿ ಇರಲಿ. ಬಣ್ಣದ ಮಾದರಿಗಳಲ್ಲಿ 22 ಲೋಹಗಳ ಅಂಶ ಕಂಡುಬಂದಿದೆ ಎಂದು ರಾಜ್ಯದ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ 2025ರ ಫೆಬ್ರವರಿಯಲ್ಲಿ ತಿಳಿಸಿದ್ದರು. ಅಲರ್ಜಿ ಹೆಚ್ಚಾಗಿ ಕಾಣುವುದು ಕೆಂಪು ಬಣ್ಣದಿಂದ. ಮೊದಲ ಹಚ್ಚೆಗೆ ಕಪ್ಪು ಬಣ್ಣವೇ ಲೇಸು.

* ಹಿಂದೆ ಹಾಕಿದ ಹಚ್ಚೆಗಳ ಚಿತ್ರ ಕೇಳಿ. ಹಾಕಿದ ದಿನದ್ದಲ್ಲ, ವರ್ಷದ ನಂತರದ್ದು. ಗೆರೆ ಹರಡದೆ ನಿಂತಿದ್ದರೆ ಕೈ ಪಳಗಿದೆ ಎಂದರ್ಥ.

* ಕನ್ನಡ ಅಕ್ಷರವಾದರೆ ಹಾಕುವವರಿಗೆ ಕನ್ನಡ ಓದಲು ಬರುತ್ತದೆಯೇ ಕೇಳಿ. ಒಂದು ಒತ್ತಕ್ಷರ ಜಾರಿದರೆ ‘ಪುಟ್ಟಿಗೆ’ ಎಂಬುದು ‘ಪುಟಿಗೆ’ ಆದೀತು. ಮೊದಲು ಚರ್ಮದ ಮೇಲೆ ಅಚ್ಚೊತ್ತಿಸಿ, ಮನೆಯವರೊಬ್ಬರು ಓದಿ ಒಪ್ಪಿದ ಮೇಲೆಯೇ ಸೂಜಿ ಮುಟ್ಟಲಿ.

ನಿಮ್ಮನ್ನು ಪ್ರಶ್ನೆ ಕೇಳದವರ ಬಳಿಯೂ ಹೋಗಬೇಡಿ. ಸಕ್ಕರೆ ಕಾಯಿಲೆ ಇದೆಯೇ, ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತೀರಾ, ಬಸುರಿಯೇ, ಗಾಯದ ಕಲೆ ದಪ್ಪಗೆ ಉಬ್ಬುವ ಕೀಲಾಯ್ಡ್ ತೊಂದರೆ ಇದೆಯೇ ಎಂದು ಒಳ್ಳೆಯ ಕೆಲಸಗಾರರು ತಾವೇ ವಿಚಾರಿಸುತ್ತಾರೆ. ಹದಿನೆಂಟು ತುಂಬದವರನ್ನು ವಾಪಸು ಕಳಿಸುತ್ತಾರೆ.

ಹಾಕಿಸಿಕೊಂಡ ಮೇಲೆ

ಹಸಿ ಹಚ್ಚೆ ಎಂದರೆ ಹಸಿ ಗಾಯ. ಮೃದು ಸೋಪಿನಿಂದ ತೊಳೆದು ಒತ್ತಿ ಒರೆಸಿ. ಎರಡು ಮೂರು ವಾರ ಈಜು, ಬಿಸಿಲು ಬೇಡ. ಹೊಪ್ಪಳೆ ಕೀಳಬೇಡಿ, ಅರಿಶಿನ, ಬೂದಿ ಮೆತ್ತಬೇಡಿ. ಮೂರು ದಿನದ ಮೇಲೂ ಕೆಂಪು, ನೋವು ಏರುತ್ತಿದ್ದರೆ, ಕೀವು ಅಥವಾ ಜ್ವರ ಬಂದರೆ ವೈದ್ಯರಿಗೆ ತೋರಿಸಿ. ಹಚ್ಚೆಯ ನಂತರ ಒಂದು ವರ್ಷ ರಕ್ತದಾನ ಮಾಡುವಂತಿಲ್ಲ. ಸೇನೆ ಸೇರುವ ಆಸೆಯುಳ್ಳವರು ಮೊದಲೇ ನಿಯಮ ಓದಲಿ; ದೇಹದ ಎಲ್ಲೆಡೆ ಹಚ್ಚೆಗೆ ಅಲ್ಲಿ ಅನುಮತಿಯಿಲ್ಲ. ಲೇಸರ್‌ನಿಂದ ತೆಗೆಸಬಹುದಾದರೂ ಅದಕ್ಕೆ ಹಲವು ಸರದಿ, ಹಾಕಿಸಿದ್ದಕ್ಕಿಂತ ಹೆಚ್ಚು ಖರ್ಚು.

ಆ ತಾಯಿ ಮಗಳಿಗೆ ನಾನು ‘ಬೇಡ’ ಎನ್ನಲಿಲ್ಲ. ಮಕ್ಕಳಿಗೆ ಹೆಪಟೈಟಿಸ್-ಬಿ ಲಸಿಕೆ ದೇಶದೆಲ್ಲೆಡೆ ಸರ್ಕಾರಿ ಕಾರ್ಯಕ್ರಮದಲ್ಲಿ ಸೇರಿದ್ದು 2011ರಲ್ಲಿ. ಈ ಹುಡುಗಿ ಅದಕ್ಕೂ ಮೊದಲೇ ಹುಟ್ಟಿದವಳು. ಲಸಿಕೆಯ ದಾಖಲೆಯೂ ಮನೆಯಲ್ಲಿ ಸಿಗಲಿಲ್ಲ. ಅಂದೇ ಮೊದಲ ಚುಚ್ಚುಮದ್ದು ಕೊಟ್ಟೆ. ಎರಡನೆಯದು ತಿಂಗಳಿಗೆ, ಮೂರನೆಯದು ಆರನೇ ತಿಂಗಳಿಗೆ.

“ಅಷ್ಟು ದಿನ ಕಾಯಬೇಕೇ?” ಎಂದು ಹುಡುಗಿ ಮುಖ ಸಣ್ಣದು ಮಾಡಿಕೊಂಡಳು.

“ಅಜ್ಜಿ ಬರೆದದ್ದು ಎಲ್ಲಿಗೂ ಓಡಿಹೋಗಲ್ಲ. ಅಷ್ಟರಲ್ಲಿ ಇಬ್ಬರೂ ಹೋಗಿ ನಾಲ್ಕು ಅಂಗಡಿ ನೋಡಿಕೊಂಡು ಬರೋಣ” ಎಂದರು ತಾಯಿ.